ಮೂರು ತಿಂಗಳು ಕಾದದ್ದೇಕೆ? ಮಂಗಳಕ್ಕೆ ಆರ್ಬಿಟರ್ ಮತ್ತು ರೋವರ್ ಒಟ್ಟಿಗೆ ಹೋಗುವುದರ ಲೆಕ್ಕಾಚಾರ

2021ರ ಫೆಬ್ರುವರಿ 10ರಂದು ಚೀನಾದ ತಿಯಾನ್ವೆನ್-1 ನೌಕೆ ಮಂಗಳವನ್ನು ತಲುಪಿತು. ಝುರೊಂಗ್ ಎಂಬ ರೋವರ್ ಅದರೊಳಗೇ ಇತ್ತು. ಎಂಟು ದಿನ ಕಳೆದ ಮೇಲೆ, ಫೆಬ್ರುವರಿ 18ರಂದು, ಅಮೆರಿಕದ ಪರ್ಸಿವರೆನ್ಸ್ ಬಂತು. ಬಂದದ್ದೇ ತಡ ವಾತಾವರಣಕ್ಕೆ ನುಗ್ಗಿ, ಏಳು ನಿಮಿಷದಲ್ಲಿ ಜೆಝೆರೊ ಕುಳಿಯಲ್ಲಿ ಇಳಿದು ಫೋಟೊ ಕಳಿಸಿಬಿಟ್ಟಿತು. ಮೊದಲು ಬಂದ ಚೀನಾದ ನೌಕೆಯೋ, ಇಳಿಯುವ ಮಾತೇ ಎತ್ತಲಿಲ್ಲ. ಮೂರು ತಿಂಗಳು ಸುಮ್ಮನೆ ಸುತ್ತುತ್ತಲೇ ಇತ್ತು. ಝುರೊಂಗ್ ನೆಲ ಮುಟ್ಟುವ ಹೊತ್ತಿಗೆ, ಬೀಜಿಂಗ್ ಸಮಯದಂತೆ, ಮೇ 15 ಆಗಿತ್ತು.

ಇದನ್ನು ಅಂಜಿಕೆ ಎಂದೋ ಅನುಭವದ ಕೊರತೆ ಎಂದೋ ಓದುವುದು ಸುಲಭ. ಹಾಗೆ ಓದಿದರೆ ಮುಖ್ಯ ಸಂಗತಿಯೇ ತಪ್ಪಿಹೋಗುತ್ತದೆ. ಪರ್ಸಿವರೆನ್ಸ್ ಕಾಯದೆ ಇಳಿದದ್ದು ಅದಕ್ಕೆ ಆರ್ಬಿಟರ್ (ನೆಲಕ್ಕಿಳಿಯದೆ ಗ್ರಹವನ್ನು ಸುತ್ತುತ್ತಲೇ ಇರುವ ನೌಕೆ) ಬೇಡವಾಗಿತ್ತು ಎಂಬ ಕಾರಣಕ್ಕಲ್ಲ. ಅದಕ್ಕೆ ಬೇಕಾದ ಆರ್ಬಿಟರ್ ಹದಿನೈದು ವರ್ಷ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಮಾರ್ಸ್ ರಿಕನೈಸೆನ್ಸ್ ಆರ್ಬಿಟರ್ (ಮುಂದೆ ಎಂಆರ್‌ಒ ಎನ್ನೋಣ) 2006ರ ಮಾರ್ಚ್‌ನಿಂದ ಮಂಗಳವನ್ನು ಸುತ್ತುತ್ತಾ ನೆಲದ ಫೋಟೊ ತೆಗೆಯುತ್ತಿತ್ತು. ಇಂದು ಮಂಗಳದಲ್ಲಿ ಓಡುವ ಯಾವ ರೋವರನ್ನೇ ತೆಗೆದುಕೊಳ್ಳಿ, ಅದರ ಕೆಲಸ ನಡೆಯಬೇಕಾದರೆ ಮೇಲೆ ಒಂದು ಆರ್ಬಿಟರ್ ಇರಲೇಬೇಕು. ಅದು ಯಾರದ್ದು, ಯಾವಾಗ ಹೋದದ್ದು, ಇನ್ನೆಷ್ಟು ದಿನ ಬದುಕುತ್ತದೆ ಎಂಬುದಷ್ಟೇ ಪ್ರಶ್ನೆ. ಮೇಲಿರುವ ಆರ್ಬಿಟರ್‌ಗಳು ಒಂದೊಂದಾಗಿ ಮುದಿಯಾಗುತ್ತಿರುವ ಈ ಹೊತ್ತಿನಲ್ಲಿ ಇದು ಬರೀ ಇತಿಹಾಸದ ಪ್ರಶ್ನೆಯೂ ಅಲ್ಲ.

ಕಾಯಲಾಗದ ನೌಕೆಗಳ ಕಥೆ

ಆರ್ಬಿಟರ್ ಮತ್ತು ಲ್ಯಾಂಡರ್ ಜೋಡಿಯನ್ನು ಒಂದೇ ರಾಕೆಟ್‌ನಲ್ಲಿ ಕಳಿಸುವ ಯೋಚನೆ ಹಳೆಯದು. 1971ರಲ್ಲಿ ಸೋವಿಯತ್ ಒಕ್ಕೂಟ ಮಾರ್ಸ್-2 ಮತ್ತು ಮಾರ್ಸ್-3 ಎಂಬ ಅವಳಿ ನೌಕೆಗಳನ್ನು ಹಾರಿಸಿತು. ಎರಡರಲ್ಲೂ ಒಂದೊಂದು ಆರ್ಬಿಟರ್, ಒಂದೊಂದು ಲ್ಯಾಂಡರ್, ಲ್ಯಾಂಡರ್ ಒಳಗೆ ಸುಮಾರು ನಾಲ್ಕೂವರೆ ಕಿಲೋ ತೂಕದ ಪುಟ್ಟ ರೋವರ್. ಅದಕ್ಕೆ ಚಕ್ರಗಳಿರಲಿಲ್ಲ. ಹಿಮದ ಮೇಲೆ ಜಾರುವ ಪಟ್ಟಿಗಳಂಥ ಕಾಲುಗಳ ಮೇಲೆ ಅದು ನಡೆಯಬೇಕಿತ್ತು, ಅದೂ ಲ್ಯಾಂಡರ್‌ಗೆ ಕಟ್ಟಿದ 15 ಮೀಟರ್ ಕೇಬಲ್ ತಲುಪುವಷ್ಟು ದೂರ ಮಾತ್ರ. ಐವತ್ತು ವರ್ಷ ಹಿಂದೆಯೇ ಇಂಥದೊಂದನ್ನು ಮಾಡಿ ಕಳಿಸಿದ್ದರು ಎಂಬುದು ಇವತ್ತು ಹೆಚ್ಚಿನವರಿಗೆ ನೆನಪಿಲ್ಲ.

ಆ ನೌಕೆಗಳು ತಲುಪುವ ಹೊತ್ತಿಗೆ ಇಡೀ ಮಂಗಳವನ್ನು ಧೂಳಿನ ಬಿರುಗಾಳಿ ಮುಚ್ಚಿತ್ತು. ಮಾರ್ಸ್-2, ಮಾರ್ಸ್-3ರ ಕಾರ್ಯಕ್ರಮವನ್ನು ಮೊದಲೇ ಬರೆದಿಟ್ಟಿದ್ದರು, ನಡುವೆ ಬದಲಾಯಿಸಲು ಬರುತ್ತಿರಲಿಲ್ಲ. ನೌಕೆ ಕಕ್ಷೆ ಸೇರುವ ಕೆಲವೇ ಗಂಟೆ ಮೊದಲು ಲ್ಯಾಂಡರ್ ಬೇರ್ಪಟ್ಟು ನೇರ ಇಳಿಯಬೇಕು, ಹವೆ ಹೇಗಾದರೂ ಇರಲಿ. ನವೆಂಬರ್ 27ರಂದು ಮಾರ್ಸ್-2ರ ಲ್ಯಾಂಡರ್ ಅಪ್ಪಳಿಸಿ ಒಡೆಯಿತು. ಡಿಸೆಂಬರ್ 2ರಂದು ಮಾರ್ಸ್-3ರದ್ದು ಮೆತ್ತಗೆ ಇಳಿಯಿತು. ಮಂಗಳದ ಮೇಲಿನ ಮೊದಲ ಸುರಕ್ಷಿತ ಇಳಿತ ಅದೇ. ಆದರೆ ಹೆಚ್ಚೆಂದರೆ ಇಪ್ಪತ್ತು ಸೆಕೆಂಡ್ ಸಂಕೇತ ಕಳಿಸಿ ಅದೂ ಮೌನವಾಯಿತು. ರೋವರ್ ಹೊರಗೆ ಕಾಲಿಡಲೇ ಇಲ್ಲ.

ಅದೇ ಬಿರುಗಾಳಿಯ ನಡುವೆ ನವೆಂಬರ್ 14ರಂದು ಅಮೆರಿಕದ ಮ್ಯಾರಿನರ್-9 ಕಕ್ಷೆ ಸೇರಿತ್ತು. ಕೆಳಗೆ ಏನೂ ಕಾಣುತ್ತಿಲ್ಲವೆಂದು ತಿಳಿದಾಗ ಅದಕ್ಕೆ ಭೂಮಿಯಿಂದ ಹೊಸ ಆದೇಶ ಹೋಯಿತು: ಕಾಯಿ. ಧೂಳು ಕೂತ ಮೇಲೆ ಅದು ಏಳು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು ಮಂಗಳದ ಮೊದಲ ನಿಜವಾದ ನಕ್ಷೆ ಕೊಟ್ಟಿತು. ದೈತ್ಯ ಜ್ವಾಲಾಮುಖಿಗಳು, ಒಣಗಿದ ನದಿಪಾತ್ರಗಳಂಥ ಗುರುತುಗಳು ಎಲ್ಲ ಕಂಡದ್ದು ಆಗಲೇ. ಕಕ್ಷೆಯಲ್ಲಿದ್ದರೆ ಕಾಯಬಹುದು, ನೇರ ಇಳಿಯಲು ಹೊರಟವರಿಗೆ ಆ ಅವಕಾಶವಿಲ್ಲ ಎಂಬುದು ಹೀಗೆ ಒಂದೇ ತಿಂಗಳೊಳಗೆ ಎರಡು ಕಡೆಯಿಂದ ಸಾಬೀತಾಯಿತು.

ಐದು ವರ್ಷ ಕಳೆದು ವೈಕಿಂಗ್ ಯೋಜನೆಯವರು ಆ ಪಾಠವನ್ನು ಚೆನ್ನಾಗಿಯೇ ಬಳಸಿಕೊಂಡರು. ವೈಕಿಂಗ್-1ರ ಲ್ಯಾಂಡರ್ 1976ರ ಜುಲೈ 4ರಂದು, ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬುವ ದಿನವೇ, ಇಳಿಯಬೇಕಿತ್ತು. ಅದಕ್ಕಿಂತ ಒಳ್ಳೆಯ ಪ್ರಚಾರದ ದಿನ ಇನ್ನೊಂದಿಲ್ಲ. ಆದರೆ ಜೂನ್‌ನಲ್ಲಿ ಕಕ್ಷೆ ಸೇರಿದ ಆರ್ಬಿಟರ್ ಕಳಿಸಿದ ಚಿತ್ರಗಳಲ್ಲಿ ಗೊತ್ತುಮಾಡಿದ್ದ ಜಾಗ ತೀರಾ ಒರಟಾಗಿ ಕಂಡಿತು. ದಿನಾಂಕವನ್ನು ಕೈಬಿಟ್ಟು, ಬೇರೆ ಜಾಗ ಹುಡುಕಿ, ಜುಲೈ 20ರಂದು ಇಳಿಸಿದರು. ರಾಜಕೀಯ ಒತ್ತಡವನ್ನು ಫೋಟೊಗಳು ಗೆದ್ದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ತಿಯಾನ್ವೆನ್-1 ಹಿಡಿದದ್ದು ಈ ವೈಕಿಂಗ್ ದಾರಿಯನ್ನೇ. ಇಳಿಯುವ ಜಾಗ ಯುಟೋಪಿಯಾ ಪ್ಲಾನಿಷಿಯಾ ಎಂಬ ವಿಶಾಲ ಬಯಲಿನ ದಕ್ಷಿಣ ಭಾಗ, ಮಂಗಳದ ಸರಾಸರಿ ಮಟ್ಟಕ್ಕಿಂತ ಸುಮಾರು 4 ಕಿ.ಮೀ. ತಗ್ಗು. ತಗ್ಗನ್ನು ಆರಿಸಿದ್ದಕ್ಕೂ ಕಾರಣವಿದೆ. ಮಂಗಳದ ಗಾಳಿಯ ಒತ್ತಡ ಭೂಮಿಯದ್ದರ ನೂರರಲ್ಲಿ ಒಂದು ಪಾಲೂ ಇಲ್ಲ. ನೆಲ ತಗ್ಗಿದಷ್ಟೂ ಪ್ಯಾರಾಚೂಟ್‌ಗೆ ಹಿಡಿಯಲು ಇನ್ನಷ್ಟು ಗಾಳಿ, ಇನ್ನಷ್ಟು ಸಮಯ ಸಿಗುತ್ತದೆ. ಫೆಬ್ರುವರಿಯಿಂದ ಮೇವರೆಗೆ ಆರ್ಬಿಟರ್ ಆ ಬಯಲಿನ ಮೇಲೆ ಹಾಯ್ದು ಹೋದಾಗಲೆಲ್ಲ ಚಿತ್ರ ತೆಗೆಯಿತು, ಹವೆ ನೋಡಿತು.

ಐದು ಟನ್ನಿನಲ್ಲಿ 240 ಕಿಲೋ

ಕಾಯುವ ಅನುಕೂಲ ಪುಕ್ಕಟೆಯಾಗಿ ಬರುವುದಿಲ್ಲ. ಕಕ್ಷೆ ಸೇರಬೇಕಾದರೆ ಬ್ರೇಕ್ ಹಾಕಬೇಕು, ಬ್ರೇಕ್ ಎಂದರೆ ಇಂಧನ. ಇಸ್ರೊದ ಮಂಗಳಯಾನದ ಅಂಕಿಗಳನ್ನೇ ನೋಡಿ. 2013ರ ನವೆಂಬರ್ 5ರಂದು ಹಾರಿದ ನೌಕೆಯ ತೂಕ 1,337 ಕಿಲೋ. ಅದರಲ್ಲಿ ಸುಮಾರು 850 ಕಿಲೋ ಇಂಧನವೇ. ವೈಜ್ಞಾನಿಕ ಉಪಕರಣಗಳ ತೂಕ ಐದೂ ಸೇರಿ 15 ಕಿಲೋ. ಮುಂದಿನ ವರ್ಷ ಸೆಪ್ಟೆಂಬರ್ 24ರಂದು ಎಂಜಿನ್ ಸುಮಾರು 23 ನಿಮಿಷ ಉರಿದು ವೇಗವನ್ನು ಸೆಕೆಂಡಿಗೆ 1.1 ಕಿ.ಮೀ.ನಷ್ಟು ತಗ್ಗಿಸಿದ ಮೇಲೆಯೇ ಮಂಗಳ ಅದನ್ನು ಹಿಡಿದಿಟ್ಟುಕೊಂಡಿತು. ಎಂಜಿನ್ ಆ ದಿನ ಹೊತ್ತಿಕೊಳ್ಳದಿದ್ದರೆ ನೌಕೆ ಮಂಗಳದ ಪಕ್ಕದಿಂದ ಹಾಗೇ ಹೊರಟುಹೋಗುತ್ತಿತ್ತು.

ಈಗ ಆ ನೌಕೆಗೆ ಒಂದು ಲ್ಯಾಂಡರ್ ಕಟ್ಟಿದ್ದಾರೆ ಎಂದುಕೊಳ್ಳಿ. ಲ್ಯಾಂಡರ್ ನೇರವಾಗಿ ವಾತಾವರಣಕ್ಕೆ ನುಗ್ಗಿದ್ದರೆ ಅದರ ಬಹುಪಾಲು ವೇಗವನ್ನು ಮಂಗಳದ ಗಾಳಿಯೇ ಬಿಟ್ಟಿಯಾಗಿ ತಿಂದುಹಾಕುತ್ತಿತ್ತು. ಜೊತೆಗೆ ಕಕ್ಷೆ ಸೇರಿಸಬೇಕಾದರೆ ಆ ತೂಕವನ್ನೂ ಎಂಜಿನ್ನೇ ತಡೆದು ನಿಲ್ಲಿಸಬೇಕು. ತಿಯಾನ್ವೆನ್-1ರ ಎಂಜಿನ್ ಸುಮಾರು 15 ನಿಮಿಷ ಉರಿದದ್ದು ರೋವರ್, ಲ್ಯಾಂಡರ್, ಶಾಖಕವಚ ಎಲ್ಲವನ್ನೂ ಹೊತ್ತುಕೊಂಡೇ. ಲೆಕ್ಕ ಹಾಕಿದರೆ ಬೆಲೆ ಎಷ್ಟೆಂದು ತಿಳಿಯುತ್ತದೆ: ಸುಮಾರು 5 ಟನ್ ತೂಕದ ಇಡೀ ನೌಕೆಯಿಂದ ಕೊನೆಗೆ ನೆಲದ ಮೇಲೆ ಓಡಾಡಿದ್ದು 240 ಕಿಲೋ. ನೇರ ಇಳಿಯುವ ದಾರಿ ಹಿಡಿದ ಅಮೆರಿಕದ ಕ್ಯೂರಿಯಾಸಿಟಿಯಲ್ಲಿ 3.9 ಟನ್ ನೌಕೆಯಿಂದ 899 ಕಿಲೋ ರೋವರ್ ಇಳಿಯಿತು.

ಐದು ಟನ್ ಎತ್ತಲು ಚೀನಾಕ್ಕೆ ಲಾಂಗ್ ಮಾರ್ಚ್-5 ರಾಕೆಟ್ಟೇ ಬೇಕಾಗಿತ್ತು. ಅದರ ಎರಡನೇ ಹಾರಾಟ 2017ರ ಜುಲೈನಲ್ಲಿ ವಿಫಲವಾಗಿತ್ತು. ಮತ್ತೆ ಹಾರಿ ಗೆದ್ದದ್ದು 2019ರ ಡಿಸೆಂಬರ್ ಕೊನೆಯಲ್ಲಿ. ಅದರ ನಂತರದ ಹಾರಾಟಗಳಲ್ಲೇ ಒಂದು ತಿಯಾನ್ವೆನ್-1, 2020ರ ಜುಲೈ 23ರಂದು, ಹೈನಾನ್ ದ್ವೀಪದ ವೆನ್‌ಚಾಂಗ್‌ನಿಂದ. ರಾಕೆಟ್ ದುರಸ್ತಿ ಇನ್ನು ಏಳೆಂಟು ತಿಂಗಳು ತಡವಾಗಿದ್ದರೆ ನೌಕೆ ಶೆಡ್ಡಿನಲ್ಲೇ ಉಳಿಯುತ್ತಿತ್ತು. ಭೂಮಿ ಮತ್ತು ಮಂಗಳ ಉಡಾವಣೆಗೆ ಒಪ್ಪುವ ಸ್ಥಾನಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ, ಅದೂ ಕೆಲವೇ ವಾರ. ಆ ವರ್ಷ ಜುಲೈನಲ್ಲಿ ಹತ್ತೇ ದಿನದ ಅಂತರದಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಹೋಪ್, ಚೀನಾದ ತಿಯಾನ್ವೆನ್-1, ಅಮೆರಿಕದ ಪರ್ಸಿವರೆನ್ಸ್ ಮೂರೂ ಹೊರಟದ್ದು ಪೈಪೋಟಿಯಿಂದ ಎಂದು ಬರೆದವರಿದ್ದಾರೆ. ಪೈಪೋಟಿ ಇತ್ತೋ ಇಲ್ಲವೋ, ಎಲ್ಲರಿಗೂ ಬಾಗಿಲು ಒಂದೇ ಇತ್ತು.

ಇಷ್ಟು ಭಾರ ಹೊತ್ತು ಹೋಗುವ ಬದಲು ಬೇರೆಯವರ ಆರ್ಬಿಟರ್ ಬಳಸಬಹುದಿತ್ತಲ್ಲ ಎಂದು ಕೇಳಬಹುದು. ಪರಿಚಯದವರಿರುವ ಊರಿಗೆ ಹೋಗುವವನು ಒಂದು ಕೈಚೀಲ ಹಿಡಿದು ಹೊರಡುತ್ತಾನೆ, ಯಾರೂ ಇಲ್ಲದ ಊರಿಗಾದರೆ ಹಾಸಿಗೆಯಿಂದ ಪಾತ್ರೆಯವರೆಗೆ ಹೊತ್ತುಕೊಂಡೇ ಹೋಗಬೇಕು. ಚೀನಾದ್ದು ಎರಡನೆಯ ಸ್ಥಿತಿ. 2011ರಿಂದ ಅಮೆರಿಕದಲ್ಲಿ ವುಲ್ಫ್ ತಿದ್ದುಪಡಿ ಎಂಬ ಕಾನೂನು ಜಾರಿಯಲ್ಲಿದೆ. ವಿಶೇಷ ಅನುಮತಿ ಇಲ್ಲದೆ ನಾಸಾ ಚೀನಾದ ಜೊತೆ ದ್ವಿಪಕ್ಷೀಯವಾಗಿ ಕೈಜೋಡಿಸುವಂತಿಲ್ಲ. ನೌಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿರಲೆಂದು 2021ರ ಆರಂಭದಲ್ಲಿ ಎರಡೂ ದೇಶಗಳು ಕಕ್ಷೆಯ ವಿವರ ಹಂಚಿಕೊಂಡವು. ದಿನನಿತ್ಯದ ಸಂಪರ್ಕಸೇವೆ ಕೇಳುವುದು ಬೇರೆಯೇ ಮಾತು.

ಇಳಿದ ದಿನ ಏನಾಯಿತು

ಮೇ 15ರ ಬೆಳಗಿನ ಜಾವ ನಡೆದದ್ದನ್ನು ಹತ್ತಿರದಿಂದ ನೋಡಿದರೆ ಈ ಜೋಡಿಯ ಸೊಗಸೂ ಅಪಾಯವೂ ಒಟ್ಟಿಗೇ ಕಾಣುತ್ತವೆ. ಲ್ಯಾಂಡರ್ ತಾನಾಗಿ ಕಕ್ಷೆಯಿಂದ ಇಳಿಯುವಷ್ಟು ಇಂಧನ ಹೊತ್ತಿರಲಿಲ್ಲ. ಅದನ್ನು ವಾತಾವರಣದ ದಾರಿಗೆ ತಂದು ಬಿಡಬೇಕಾದದ್ದು ಆರ್ಬಿಟರ್. ಹಾಗಾಗಿ ಎರಡೂ ಒಟ್ಟಿಗೆ ಮಂಗಳಕ್ಕೆ ಬೀಳುವ ಪಥಕ್ಕೆ ಹೊರಳಿದವು. ಬೀಜಿಂಗ್ ಸಮಯ ಸುಮಾರು ನಾಲ್ಕು ಗಂಟೆಗೆ ಬೇರ್ಪಟ್ಟವು. ಸುಮಾರು ಅರ್ಧ ಗಂಟೆಯಲ್ಲಿ ಆರ್ಬಿಟರ್ ಮತ್ತೆ ಎಂಜಿನ್ ಹೊತ್ತಿಸಿ ತನ್ನನ್ನು ಮೇಲೆತ್ತಿಕೊಂಡಿತು. ಆ ಎಂಜಿನ್ ಕೈಕೊಟ್ಟಿದ್ದರೆ ರೋವರ್ ಹಿಂದೆಯೇ ಆರ್ಬಿಟರ್ ಕೂಡ ಹೋಗಿ ಸುಟ್ಟುಹೋಗುತ್ತಿತ್ತು.

ಮಂಗಳ ಆಗ ಭೂಮಿಯಿಂದ ಸುಮಾರು 32 ಕೋಟಿ ಕಿ.ಮೀ. ದೂರದಲ್ಲಿತ್ತು. ರೇಡಿಯೊ ಸಂಕೇತ ಬರಲು ಹದಿನೇಳು-ಹದಿನೆಂಟು ನಿಮಿಷ. ಇಳಿತಕ್ಕೆ ಬೇಕಾದದ್ದು ಸುಮಾರು ಒಂಬತ್ತು ನಿಮಿಷ. ಅಂದರೆ ವಾತಾವರಣ ಸೇರಿದ ಸುದ್ದಿ ಭೂಮಿಗೆ ಬರುವಷ್ಟರಲ್ಲಿ ಅಲ್ಲಿ ಎಲ್ಲವೂ ಮುಗಿದಿರುತ್ತದೆ. ಸೆಕೆಂಡಿಗೆ 4.8 ಕಿ.ಮೀ. ವೇಗದಲ್ಲಿ ನುಗ್ಗಿದ ಕವಚ, ಆಮೇಲೆ ಪ್ಯಾರಾಚೂಟ್, ಆಮೇಲೆ ಎಂಜಿನ್, ನೆಲದಿಂದ ನೂರು ಮೀಟರ್ ಮೇಲೆ ಒಂದು ಗಳಿಗೆ ನಿಂತು ಕಲ್ಲು-ಗುಂಡಿ ತಪ್ಪಿಸಿಕೊಂಡು ಇಳಿಯುವ ಕೊನೆಯ ಹೆಜ್ಜೆ, ಇಷ್ಟೂ ಯಂತ್ರದ ಸ್ವಂತ ತೀರ್ಮಾನ. ಒಂದು ವಾರ ಪರೀಕ್ಷೆ ನಡೆಸಿ ಮೇ 22ರಂದು ಝುರೊಂಗ್ ಇಳಿಜಾರು ಹಲಗೆಯ ಮೇಲಿಂದ ಉರುಳಿ ನೆಲಕ್ಕೆ ಬಂತು.

ಇಳಿಯುವಾಗ ಮೇಲಿನಿಂದ ಕೇಳಿಸಿಕೊಳ್ಳುವವರು ಇದ್ದರೆ ಏನು ಲಾಭ ಎಂಬುದನ್ನು ಯುರೋಪ್ ಎರಡು ಸೋಲುಗಳಿಂದ ಕಲಿತಿದೆ. 2003ರಲ್ಲಿ ಮಾರ್ಸ್ ಎಕ್ಸ್‌ಪ್ರೆಸ್ ಆರ್ಬಿಟರ್ ಜೊತೆ ಹೋದ ಬೀಗಲ್-2 ಎಂಬ ಲ್ಯಾಂಡರ್ ಡಿಸೆಂಬರ್ 25ರಂದು ಇಳಿಯಬೇಕಿತ್ತು. ಇಳಿಯುತ್ತಾ ಸಂಕೇತ ಕಳಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಮೌನದ ಕಾರಣ ಯಾರಿಗೂ ತಿಳಿಯಲಿಲ್ಲ. ಹನ್ನೊಂದು ವರ್ಷ ಕಳೆದು 2015ರ ಜನವರಿಯಲ್ಲಿ, ಎಂಆರ್‌ಒ ತೆಗೆದ ಚಿತ್ರಗಳಲ್ಲಿ ಅದು ಪತ್ತೆಯಾಯಿತು. ಒಡೆದಿರಲಿಲ್ಲ, ಸರಿಯಾಗಿಯೇ ಇಳಿದಿತ್ತು. ಸೌರಫಲಕಗಳು ಪೂರ್ತಿ ಬಿಚ್ಚಿಕೊಳ್ಳದೆ ಆಂಟೆನಾ ಅವುಗಳ ಅಡಿಯಲ್ಲೇ ಸಿಕ್ಕಿಹಾಕಿಕೊಂಡಿತ್ತು.

2016ರ ಅಕ್ಟೋಬರ್ 19ರಂದು ಸ್ಕಿಯಾಪರೆಲ್ಲಿ ಲ್ಯಾಂಡರ್ ಅಪ್ಪಳಿಸಿದಾಗ ಪರಿಸ್ಥಿತಿ ಬೇರೆಯಾಗಿತ್ತು. ಜೊತೆಯಲ್ಲೇ ಬಂದ ಟ್ರೇಸ್ ಗ್ಯಾಸ್ ಆರ್ಬಿಟರ್ ಅದರ ಸಂಕೇತವನ್ನೆಲ್ಲ ದಾಖಲಿಸಿಕೊಂಡಿತ್ತು. ಪ್ಯಾರಾಚೂಟ್ ಬಿಚ್ಚಿಕೊಂಡಾಗ ಲ್ಯಾಂಡರ್ ಜೋರಾಗಿ ತೂಗಾಡಿ, ಅದರ ತಿರುಗುವಿಕೆ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡ್ ಮಿತಿ ಮೀರಿದ ಅಳತೆ ಕೊಟ್ಟಿತು. ಆ ತಪ್ಪು ಅಳತೆಯನ್ನು ನಂಬಿದ ಕಂಪ್ಯೂಟರ್ ತಾನು ನೆಲಕ್ಕಿಂತ ಕೆಳಗಿದ್ದೇನೆ ಎಂಬ ಲೆಕ್ಕಕ್ಕೆ ಬಂತು! ನಿಜವಾಗಿ ಅದು ಇನ್ನೂ ಸುಮಾರು 3.7 ಕಿ.ಮೀ. ಎತ್ತರದಲ್ಲಿತ್ತು. ಪ್ಯಾರಾಚೂಟ್ ಕಳಚಿ, ಎಂಜಿನ್ ಮೂರೇ ಸೆಕೆಂಡ್ ಉರಿಸಿ ಆರಿಸಿತು. ಮುಂದಿನದ್ದು ಕಲ್ಲು ಬಿದ್ದ ಹಾಗೆ. ಸೋಲು ಎರಡರಲ್ಲೂ ಇತ್ತು, ಆದರೆ ಎರಡನೆಯದಕ್ಕೆ ಕಾರಣ ತಿಂಗಳೊಪ್ಪತ್ತಿನಲ್ಲೇ ಸ್ಪಷ್ಟವಾಯಿತು. ಮುಂದಿನ ನೌಕೆ ಕಟ್ಟುವವರಿಗೆ ಇದಕ್ಕಿಂತ ಬೆಲೆಬಾಳುವ ಕಾಗದ ಇಲ್ಲ.

ಎಂಟು ನಿಮಿಷದ ಭೇಟಿ

ಇಳಿತದ ರೋಮಾಂಚನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮುಂದಿನ ದಿನಗಳ ಸಂಪರ್ಕದ ಬಗ್ಗೆ ಬರೆಯುವವರು ಕಡಿಮೆ. ಜೋಡಿ ಯಾನದ ಅಸಲಿ ಸಮರ್ಥನೆ ಇರುವುದು ಅಲ್ಲಿಯೇ ಎಂದು ನನಗೆ ಅನಿಸುತ್ತದೆ.

ರೋವರ್ ಮೇಲೆ ದೊಡ್ಡ ಡಿಶ್ ಹೊರಿಸಲು ಬರುವುದಿಲ್ಲ, ವಿದ್ಯುತ್ತೂ ಅಳೆದು ಸುರಿದಷ್ಟು. ಕ್ಯೂರಿಯಾಸಿಟಿ ಭೂಮಿಯ ಜೊತೆ ನೇರ ಮಾತಾಡಿದರೆ ವೇಗ ಸೆಕೆಂಡಿಗೆ 500 ಬಿಟ್‌ನಿಂದ 32,000 ಬಿಟ್. ಅದೇ ತಲೆಯ ಮೇಲೆ ಹಾದುಹೋಗುವ ಎಂಆರ್‌ಒಗೆ ಕಳಿಸಿದರೆ ಸೆಕೆಂಡಿಗೆ 20 ಲಕ್ಷ ಬಿಟ್‌ವರೆಗೆ. ಆರ್ಬಿಟರ್ ರೋವರ್‌ನ ಆಕಾಶದಲ್ಲಿ ಒಮ್ಮೆಗೆ ಕಾಣುವುದು ಸುಮಾರು ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ 100ರಿಂದ 250 ಮೆಗಾಬಿಟ್ ದಾಟಿಸಬಹುದು. ಅಷ್ಟನ್ನೇ ನೇರವಾಗಿ ಭೂಮಿಗೆ ಕಳಿಸಲು 20 ಗಂಟೆ ಬೇಕಾದೀತು ಎಂಬುದು ನಾಸಾ ಕೊಡುವ ಲೆಕ್ಕ. ನಾವು ನೋಡಿ ಬೆರಗಾಗುವ ಮಂಗಳದ ಪನೋರಮಾ ಚಿತ್ರಗಳೆಲ್ಲ ಈ ಎಂಟು ನಿಮಿಷಗಳ ಕಂತುಗಳಲ್ಲಿ ಬಂದವು. ಆರ್ಬಿಟರ್ ಇಲ್ಲದ ರೋವರ್ ಸತ್ತಂತೇನೂ ಅಲ್ಲ. ಆದೇಶ ಕೇಳುತ್ತದೆ, ಆರೋಗ್ಯದ ವರದಿ ಕೊಡುತ್ತದೆ, ಒಂದೆರಡು ಸಣ್ಣ ಚಿತ್ರ ಕಳಿಸುತ್ತದೆ. ಆದರೆ ಅದಕ್ಕಾಗಿ ಸಾವಿರಾರು ಕೋಟಿ ಖರ್ಚು ಮಾಡಿ ಕಳಿಸುವುದು ಯಾರಿಗೂ ಬೇಡ.

ಈ ಸೇವೆ ಕೊಡಬೇಕಾದರೆ ಆರ್ಬಿಟರ್ ತನ್ನ ಸ್ವಂತ ಕೆಲಸ ಬಿಡಬೇಕಾಗುತ್ತದೆ. ತಿಯಾನ್ವೆನ್-1ರಲ್ಲಿ ಆರ್ಬಿಟರ್‌ನ ಉಪಕರಣಗಳು ಏಳು, ರೋವರ್‌ನವು ಆರು. ಝುರೊಂಗ್ ಇಳಿದ ಮೇಲೆ ಆರ್ಬಿಟರ್ 8.2 ಗಂಟೆಗೊಂದು ಸುತ್ತು ಹಾಕುವ ಕಕ್ಷೆಗೆ ಬಂದು ರೋವರ್‌ನ ಸಂಪರ್ಕಕ್ಕೇ ತನ್ನನ್ನು ಒಪ್ಪಿಸಿಕೊಂಡಿತು. ಇಡೀ ಗ್ರಹದ ನಕ್ಷೆ ತೆಗೆಯಲು ಬೇಕಾದ ಕಕ್ಷೆಗೆ ಅದು ಸರಿದದ್ದು ನವೆಂಬರ್‌ನಲ್ಲಿ. ನಡುವೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ ಅಡ್ಡ ಬಂದು ವಾರಗಟ್ಟಲೆ ಭೂಮಿಯ ಜೊತೆ ಮಾತೇ ನಿಂತಿತ್ತು. ಒಬ್ಬನ ಲಾಭ ಇನ್ನೊಬ್ಬನ ನಷ್ಟ ಎನ್ನುವ ಈ ತಿಕ್ಕಾಟ ಎಲ್ಲ ಜೋಡಿ ಯಾನಗಳಲ್ಲೂ ಇದೆ, ಪ್ರಚಾರದ ಕರಪತ್ರಗಳಲ್ಲಿ ಮಾತ್ರ ಕಾಣುವುದಿಲ್ಲ.

ಅದೇ ನವೆಂಬರ್‌ನಲ್ಲಿ ಒಂದು ವಿಚಿತ್ರ ಪ್ರಯೋಗ ನಡೆಯಿತು. ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ಝುರೊಂಗ್‌ನ ಮಾತು ಕೇಳಿಸಿಕೊಳ್ಳಬಲ್ಲದೇ ಎಂದು ನೋಡಿದರು. ತೊಂದರೆ ಏನೆಂದರೆ, ಮಾರ್ಸ್ ಎಕ್ಸ್‌ಪ್ರೆಸ್ ಮಾತಾಡುವ ತರಂಗಾಂತರ ಝುರೊಂಗ್‌ಗೆ ಕೇಳಿಸುವುದಿಲ್ಲ. ಆದ್ದರಿಂದ 'ಕೇಳಿಸುತ್ತಿದೆಯಾ' ಎಂಬ ಪ್ರಶ್ನೆಗೂ 'ಹೂಂ' ಎಂಬ ಉತ್ತರಕ್ಕೂ ಅವಕಾಶವಿಲ್ಲ. ರೋವರ್ ಗೊತ್ತಾದ ಹೊತ್ತಿಗೆ ಕುರುಡಾಗಿ ಆಕಾಶದ ಕಡೆ ದತ್ತಾಂಶ ಬಿಡಬೇಕು, ಆರ್ಬಿಟರ್ ಆ ಹೊತ್ತಿಗೆ ಅಲ್ಲಿದ್ದು ಹಿಡಿದುಕೊಳ್ಳಬೇಕು. ನವೆಂಬರ್ 20ರ ಪ್ರಯತ್ನ ಫಲಿಸಿತು. ಸುಮಾರು 4,000 ಕಿ.ಮೀ. ದೂರದಿಂದ ಹತ್ತು ನಿಮಿಷ ಬಂದ ದತ್ತಾಂಶವನ್ನು ಯುರೋಪಿನವರು ಹಿಡಿದು ಚೀನಾಕ್ಕೆ ತಲುಪಿಸಿದರು. ರೇಡಿಯೊ ಪದ್ಧತಿಯನ್ನು ಎಲ್ಲರೂ ಒಂದೇ ಮಾಡಿಕೊಂಡರೆ ಎಷ್ಟು ಭಾರ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ. ಟ್ರೇಸ್ ಗ್ಯಾಸ್ ಆರ್ಬಿಟರ್‌ನಲ್ಲಿ ಇರುವುದು ನಾಸಾ ಕೊಟ್ಟ ರೇಡಿಯೊಗಳು. ಹಾಗಾಗಿಯೇ ಅಮೆರಿಕದ ರೋವರ್‌ಗಳ ದತ್ತಾಂಶವನ್ನು ಅದು ವರ್ಷಗಳಿಂದ ಸಲೀಸಾಗಿ ಸಾಗಿಸುತ್ತಿದೆ.

ಒಂದು ಹೋದರೆ ಇನ್ನೊಂದು

ಝುರೊಂಗ್‌ಗೆ ಗೊತ್ತುಮಾಡಿದ್ದ ಆಯುಷ್ಯ ಮಂಗಳದ 90 ದಿನ. ಅದು 347 ದಿನ ದುಡಿದು 1,921 ಮೀಟರ್ ಓಡಿತು. 2022ರ ಮೇನಲ್ಲಿ ಚಳಿಗಾಲ, ಧೂಳು ಎರಡೂ ಬಂದಾಗ ಅದನ್ನು ಮಲಗಿಸಿದರು. ಡಿಸೆಂಬರ್‌ನಲ್ಲಿ ಬಿಸಿಲು ಏರಿದಾಗ ತಾನಾಗಿ ಏಳಬೇಕಿತ್ತು, ಏಳಲಿಲ್ಲ. ಸೌರಫಲಕಗಳ ಮೇಲೆ ನಿರೀಕ್ಷೆಗಿಂತ ಹೆಚ್ಚು ಧೂಳು ಕೂತದ್ದೇ ಕಾರಣವಿರಬೇಕು ಎಂದು ಯಾನದ ಮುಖ್ಯ ವಿನ್ಯಾಸಕ ಝಾಂಗ್ ರೊಂಗ್‌ಚಿಯಾವ್ 2023ರ ಏಪ್ರಿಲ್‌ನಲ್ಲಿ ಹೇಳಿದರು. ಅದಕ್ಕೂ ಮೊದಲೇ ಎಂಆರ್‌ಒ ಚಿತ್ರಗಳು ಸುಳಿವು ಕೊಟ್ಟಿದ್ದವು. 2022ರ ಸೆಪ್ಟೆಂಬರ್‌ನಿಂದ ರೋವರ್ ಇದ್ದಲ್ಲೇ ಇತ್ತು.

ಆದರೆ ಯಾನ ಮುಗಿಯಲಿಲ್ಲ. ರೋವರ್ ಮಲಗಿದ ಕೆಲವೇ ವಾರಗಳಲ್ಲಿ ಆರ್ಬಿಟರ್ ಇಡೀ ಮಂಗಳದ ಚಿತ್ರೀಕರಣ ಮುಗಿಸಿತು. 2025ರ ಅಕ್ಟೋಬರ್‌ನಲ್ಲಿ, ಸೌರವ್ಯೂಹದ ಹೊರಗಿನಿಂದ ಬಂದ 3ಐ/ಅಟ್ಲಾಸ್ ಎಂಬ ಧೂಮಕೇತು ಮಂಗಳದ ಹತ್ತಿರ ಹಾದಾಗ, ಸುಮಾರು 3 ಕೋಟಿ ಕಿ.ಮೀ. ದೂರದಿಂದ ಅದರ ಚಿತ್ರ ತೆಗೆದದ್ದೂ ಈ ಆರ್ಬಿಟರ್ರೇ. ರೋವರ್ ಕಳಿಸಿದ ದತ್ತಾಂಶವೂ ಇನ್ನೂ ಫಲ ಕೊಡುತ್ತಿದೆ. ಅದರ ರೇಡಾರ್ ನೆಲದಡಿ 10ರಿಂದ 35 ಮೀಟರ್ ಆಳದಲ್ಲಿ ಕಂಡ ಇಳಿಜಾರು ಪದರಗಳು ಪುರಾತನ ಸಮುದ್ರತೀರದ ಮರಳುದಂಡೆಯಂತಿವೆ ಎಂಬ ಸಂಶೋಧನಾ ಪ್ರಬಂಧ ಬಂದದ್ದು 2025ರಲ್ಲಿ.

ಇದೇ ಮಾತನ್ನು ಚಂದ್ರನ ಮೇಲೆ ಇಸ್ರೊ ಇನ್ನೂ ಚೆನ್ನಾಗಿ ತೋರಿಸಿತು. 2019ರ ಸೆಪ್ಟೆಂಬರ್‌ನಲ್ಲಿ ವಿಕ್ರಮ್ ಲ್ಯಾಂಡರ್ ಅಪ್ಪಳಿಸಿದಾಗ ಚಂದ್ರಯಾನ-2 ಸೋತಿತು ಎಂದು ಊರೆಲ್ಲ ಮರುಗಿತು. ಆರ್ಬಿಟರ್ ಮಾತ್ರ ಸುತ್ತುತ್ತಲೇ ಇತ್ತು. 2023ರ ಚಂದ್ರಯಾನ-3ಕ್ಕೆ ಹೊಸ ಆರ್ಬಿಟರ್ ಕಳಿಸುವ ಪ್ರಮೇಯವೇ ಬರಲಿಲ್ಲ. ಇಳಿಯುವ ಜಾಗದ ಚಿತ್ರ ಹಳೆಯದ್ದೇ ಕೊಟ್ಟಿತು, ತುರ್ತಿಗೆ ಬೇಕಾದರೆ ಎಂದು ಇಟ್ಟುಕೊಂಡ ಸಂಪರ್ಕಸೇತುವೂ ಅದೇ ಆಯಿತು. ಜೋಡಿ ಯಾನ ದುಬಾರಿ ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲ್ಯಾಂಡರ್ ಹೋದರೂ ಆರ್ಬಿಟರ್ ಮುಂದಿನ ಯಾನದ ಮೊದಲ ಕಂತಾಗಿ ಉಳಿಯುತ್ತದೆ. ಹಾಗೆಂದು ಪ್ರತಿ ಸಲವೂ ಜೋಡಿಯನ್ನೇ ಕಳಿಸಬೇಕಿಲ್ಲ. ಮೊದಲ ಸಲ ಹೋಗುವವರಿಗೆ ಅದು ಅನಿವಾರ್ಯ, ಎರಡನೇ ಸಲಕ್ಕೆ ಬೇರೆ ಬೇರೆ ಕಳಿಸುವುದೇ ಜಾಣತನ. ಮಂಗಳದ ಮಣ್ಣು-ಕಲ್ಲು ತರಲು 2028ರ ಸುಮಾರಿಗೆ ಹೊರಡಲಿರುವ ತಿಯಾನ್ವೆನ್-3ಕ್ಕೆ ಚೀನಾ ಎರಡು ಉಡಾವಣೆಗಳನ್ನು ಇಟ್ಟುಕೊಂಡಿರುವುದೂ ಇದೇ ತರ್ಕಕ್ಕೆ ಹತ್ತಿರವಾಗಿದೆ.

ಮುದಿಯಾಗುತ್ತಿರುವ ಆಕಾಶ

ಈಗ ಚಿಂತೆ ಹುಟ್ಟಿಸುವುದು ಹಳೆಯ ಜಾಲವನ್ನೇ ನಂಬಿ ಕೂತವರ ಸ್ಥಿತಿ. ಮಾರ್ಸ್ ಒಡಿಸ್ಸಿ ಹೊರಟದ್ದು 2001ರಲ್ಲಿ, ಇಂಧನ ತಳ ಕಾಣುತ್ತಿದೆ. ಮಾರ್ಸ್ ಎಕ್ಸ್‌ಪ್ರೆಸ್ 2003ರದ್ದು. ಎಂಆರ್‌ಒ 2005ರಲ್ಲಿ ಹಾರಿದ್ದು. ಇವೆಲ್ಲಕ್ಕಿಂತ ಕಿರಿಯದು 2013ರ ಮಾವೆನ್. 2025ರ ಡಿಸೆಂಬರ್ 6ರಂದು ಎಂದಿನಂತೆ ಮಂಗಳದ ಮರೆಗೆ ಸರಿದ ಮಾವೆನ್ ಆಚೆ ಬದಿಯಿಂದ ಹೊರಬಂದಾಗ ಅದರ ಸಂಕೇತ ಸಿಗಲಿಲ್ಲ. ಮರೆಯಾಗುವ ಮೊದಲು ಎಲ್ಲವೂ ಸರಿಯಿದ್ದ ವರದಿಯೇ ಬಂದಿತ್ತು. ವಿಜ್ಞಾನಕ್ಕೆಂದು ಕಳಿಸಿದ ಈ ನೌಕೆಗಳಿಗೆ ಸಂಪರ್ಕಸೇವೆ ಪಕ್ಕದ ಕೆಲಸವಾಗಿತ್ತು. ಬರೀ ಸಂಪರ್ಕಕ್ಕೆಂದೇ ಒಂದು ಆರ್ಬಿಟರ್ ಕಳಿಸುವ ಯೋಜನೆಯನ್ನು ನಾಸಾ 2005ರಲ್ಲೇ ಹಣವಿಲ್ಲವೆಂದು ಕೈಬಿಟ್ಟಿತ್ತು. 2025ರ ಜುಲೈನಲ್ಲಿ ಅಮೆರಿಕದ ಹೊಸ ಕಾಯ್ದೆ ಅಂಥ ಆರ್ಬಿಟರ್‌ಗೆ 70 ಕೋಟಿ ಡಾಲರ್ ಎತ್ತಿಟ್ಟು, 2028ರ ಕೊನೆಯೊಳಗೆ ಸಿದ್ಧವಾಗಬೇಕು ಎಂದಿತು. ಇಪ್ಪತ್ತು ವರ್ಷ ತಡ.

ರೋವರ್‌ಗೆ ಹೆಸರಿಡಲು ಶಾಲಾಮಕ್ಕಳ ಸ್ಪರ್ಧೆ ನಡೆಯುತ್ತದೆ, ಚಿತ್ರಗಳು ಮುಖಪುಟಕ್ಕೆ ಬರುತ್ತವೆ. ಸಂಪರ್ಕದ ಆರ್ಬಿಟರ್‌ಗೆ ಇದಾವುದೂ ಇಲ್ಲ. ಬಜೆಟ್ ಕಡಿತವಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಮಂಗಳಕ್ಕೆ ರೋವರ್ ಕಳಿಸುವ ಕನಸು ಕಾಣುವ ಯಾವ ದೇಶವಾದರೂ ರೋವರ್ ಎಷ್ಟು ದೊಡ್ಡದು ಎನ್ನುವ ಮೊದಲು ಅದರ ಮಾತನ್ನು ಭೂಮಿಗೆ ತರುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು. ಸ್ವಂತ ಆರ್ಬಿಟರ್ ಎಂದಾದರೆ ಐದು ಟನ್ ಎತ್ತುವ ರಾಕೆಟ್ ಬೇಕು. ಬೇರೆಯವರದ್ದು ಎಂದಾದರೆ ಅದೇ ರೇಡಿಯೊ ಬೇಕು, ಒಪ್ಪಂದ ಬೇಕು, ಆ ಒಪ್ಪಂದ ಹತ್ತು ವರ್ಷ ಉಳಿಯುವ ರಾಜಕೀಯವೂ ಬೇಕು.

ರಾಜಕೀಯ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಯುರೋಪಿನ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್ ಸಾಕ್ಷಿ. ಟ್ರೇಸ್ ಗ್ಯಾಸ್ ಆರ್ಬಿಟರ್ 2016ರಲ್ಲಿ, ರೋವರ್ 2018ರಲ್ಲಿ ಎಂಬುದು ರಷ್ಯಾದ ಜೊತೆ ಸೇರಿ ಮಾಡಿದ ಯೋಜನೆ. ಆರ್ಬಿಟರ್ ಹೇಳಿದ ಸಮಯಕ್ಕೆ ಹೋಯಿತು. ರೋವರ್ 2020ಕ್ಕೆ, ಆಮೇಲೆ 2022ಕ್ಕೆ ಜಾರಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಕಟ್ಟಿದ್ದ ಇಳಿವ ವೇದಿಕೆಯನ್ನೇ ಕೈಬಿಡಬೇಕಾಯಿತು. ಈಗಿನ ಯೋಜನೆಯಂತೆ ಅದು 2028ರಲ್ಲಿ ಹೊರಟು 2030ರಲ್ಲಿ ಇಳಿಯಬೇಕು. ಎರಡು ಮೀಟರ್ ಆಳ ಕೊರೆದು ಅದು ತೆಗೆಯುವ ಮಣ್ಣಿನ ಸುದ್ದಿಯನ್ನು ಭೂಮಿಗೆ ತಲುಪಿಸಬೇಕಾದ ಟ್ರೇಸ್ ಗ್ಯಾಸ್ ಆರ್ಬಿಟರ್‌ಗೆ ಆಗ ಹದಿನಾಲ್ಕು ವರ್ಷ ತುಂಬಿರುತ್ತದೆ.